ಒಂದು ರೂಪಾಯಿ ಫೋನು

ಊರಿಗೆಲ್ಲ ಉಳಿದಿದ್ದ ಒಂದೇ ಒಂದು ಕಾಯಿನ್ ಫೋನನ್ನು ಕಿತ್ತೊಯ್ಯಲು ಟೆಲಿಫೋನ್ ಸಾಹೇಬರೇ ಆಳುಗಳ ಸಮೇತ ಬಂದಾಗ ಹೂವಿನಂಗಡಿಯವಳು ಓಡಿಬಂದು ಅಡ್ಡ ನಿಂತಳು.

“ಭಿಕ್ಷುಕರ ಹತ್ರಾನೂ ಮೊಬೈಲಿದೆ. ಈ ಡಬ್ಬಕ್ಕೆ ಯಾರಮ್ಮ ಬರ್ತಾರೆ?”

“ಒಬ್ಬ ಅಕ್ಕ ದಿನಾ ಬರ್ತಾಳೆ ಸಾಮಿ, ತಾಯಿ ಹತ್ರ ಮಾತಾಡೋಕೆ. ಮೊಬೈಲ್ ಐತೆ. ಆದ್ರೆ ತವರಿಗೆ ಮಾಡಂಗಿಲ್ವಂತೆ. ಯಾರಿಗೆಲ್ಲ ಮಾಡಿದ್ಲು ಅಂತ ಗಂಡ ಸಂಜೆ ತೆಗೆದು ನೋಡ್ತಾನಂತೆ. ಬಿಟ್ಟೋಗಿ ಸಾಮಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಥೂ! ಅಂಥ ಗಂಡಸಿಗೆ ಮೆಟ್ಟಲ್ಲಿ ಹೊಡೀಬೇಕು!” ಸಾಹೇಬರು ಕೆಂಡವಾದರು. ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಬೀದಿಯವರೆಲ್ಲ ಕೇಳುವಂತೆ ನಾಲ್ಕು ಮಾತಾಡಿದರು. “ಆಯ್ತು, ಇದು ಇಲ್ಲೇ ಇರಲಿ.”

ಅಷ್ಟರಲ್ಲಿ ತಿರುವಿನಿಂದ ಬಂದ ಹೆಂಗಸು ಅವರನ್ನು ಕಂಡು ನಿಂತಲ್ಲೇ ನಿಂತಳು.

“ಈ ಅಕ್ಕನೇ ಸಾಮಿ!” ಎಂದಳು ಹೂವಿನವಳು.

ಸಾಹೇಬರು ತಮ್ಮ ಹೆಂಡತಿಯನ್ನೊಮ್ಮೆ ದುರುಗುಟ್ಟಿ ನೋಡಿ, ಆಳುಗಳ ಕಡೆ ತಿರುಗಿದರು: “ಏನ್ರೋ ನೋಡ್ತಾ ನಿಂತಿದೀರಾ? ಕೀಳ್ರೋ ಅದನ್ನ!”