ಆಟಿ ಹದಿನೆಂಟರ ಪಾಯಸ

ಮದ್ದುಸೊಪ್ಪು ಕುದಿಯುವ ವಾಸನೆ ಬಂದರೆ ಇವತ್ತಿಗೂ ನಾನು ಎದ್ದು ಹೊರಗೆ ಹೋಗುತ್ತೇನೆ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಊಟ ಬಿಟ್ಟು ಕಡ್ಡಿಯಾಗಿದ್ದ ಅಕ್ಕನನ್ನು ಮಡಿಕೇರಿಯ ಆಸ್ಪತ್ರೆಯಿಂದ ಗಾಳಿಬೀಡಿನ ಮನೆಗೆ ಕರೆತಂದಿದ್ದರು. ಹಾಲು, ಮೊಟ್ಟೆ, ಗಂಜಿ ಸ್ವಲ್ಪಸ್ವಲ್ಪವೇ ಕೊಡಿ ಎಂದಿದ್ದರು ಡಾಕ್ಟರು. ಅಕ್ಕ ಎಲ್ಲವನ್ನೂ ನಾಯಿಗೆ ಹಾಕುತ್ತಾಳೆಂದು ಅಜ್ಜಿಗೆ ಗುಮಾನಿ. ಬಟ್ಟಲು ಬೇಗ ಖಾಲಿಯಾದಷ್ಟೂ ಅವಳ ಗುಮಾನಿ ಬಲಿಯುತ್ತಿತ್ತು.

ಮಳೆಗಾಲದ ಆಟಿ ತಿಂಗಳ ಹದಿನೆಂಟು, ಮದ್ದುಸೊಪ್ಪಿಗೆ ಔಷಧದ ಗುಣ ತುಂಬಿ ಬರುತ್ತದೆನ್ನುವ ದಿನ. ಮಧ್ಯಾಹ್ನ ಆ ಸೊಪ್ಪಿನ ರಸದಲ್ಲಿ ಅಕ್ಕಿ ಬೆಂದು ಪಾಯಸ ಕಡುನೇರಳೆಯಾಗಿತ್ತು. ಅದನ್ನು ತಿಂದವರ ಉಚ್ಚೆ ಮರುದಿನ ಕೆಂಪಾಗುತ್ತದೆ.

ಅಜ್ಜಿ ನಾಯಿಯನ್ನು ಕಟ್ಟಿಹಾಕಿದಳು. ಅಕ್ಕನ ಮಂಚದಡಿ ಒಂದು ಬೋಗುಣಿ ಇಟ್ಟಳು.

"ಬೆಳಿಗ್ಗೆ ಉಚ್ಚೆಗೆ ಇದ್ರಲ್ಲೇ ಕೂರು. ತಿಂದ್ಯೋ ಇಲ್ವೋ ನಾನೇ ನೋಡ್ತೀನಿ."

ಅಜ್ಜಿ ಅತ್ತ ಹೋದದ್ದೇ ಅಕ್ಕ ತನ್ನ ಬಟ್ಟಲನ್ನು ನನ್ನತ್ತ ತಳ್ಳಿದಳು. "ನಿಂಗಿಷ್ಟ ಅಲ್ವಾ, ತಿನ್ನು."

ಬೆಲ್ಲ, ತೆಂಗಿನಕಾಯಿ ಹಾಲು. ನನ್ನ ಪಾಲಿನ ಜೊತೆಗೆ ಅದನ್ನೂ ತಿಂದೆ.

ಬೆಳಿಗ್ಗೆ ಅಕ್ಕ ಮೆಲ್ಲನೆ ನನ್ನನ್ನು ಎಬ್ಬಿಸಿ ಬೋಗುಣಿ ತೋರಿಸಿದಳು. "ನೀನು ಕೂರು. ಯಾರಿಗೂ ಹೇಳ್ಬೇಡ."

ಕೂತೆ.

ಕೆಂಪು ಕಂಡ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಚಿನ್ನ ತಿಂದದೆ. ಸುಮ್ನೆ ಅನುಮಾನಪಟ್ಟೆ."

ಅಂದಿನಿಂದ ಅವಳು ಅಕ್ಕನ ಬಟ್ಟಲಿನ ಕಡೆ ನೋಡುವುದನ್ನು ಬಿಟ್ಟಳು.