ಕಿವಿಗೆ ಮುಟ್ಟದ ಕೈ

ಮನೆಯಲ್ಲಿ ಮೂರು-ನಾಲ್ಕು ವರ್ಷದ ಮಗುವಿದ್ದರೆ ಇದನ್ನು ಓದಿ... ಎರಡು ನಿಮಿಷ ಸಾಕು.

ನನ್ನದು ಹಿಟ್ಟಿನ ಮಿಲ್ಲು. ಓದಿದ್ದು ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ಕೋಪ ಜಾಸ್ತಿ... ಅದನ್ನು ಮುಚ್ಚಿಡುವುದಿಲ್ಲ.

ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹುಟ್ಟಿದವಳು ನಮ್ಮ ಸಿಂಚನ. ಕಳೆದ ವರ್ಷ ಎಲ್‌ಕೆಜಿಗೆ ಸೇರಿಸಲು ಕಾನ್ವೆಂಟಿಗೆ ಕರೆದುಕೊಂಡು ಹೋದೆ.

ಅಲ್ಲಿನ ಮೇಡಂ ಸರ್ಟಿಫಿಕೇಟಿನಲ್ಲಿ ಮಗುವಿನ ವಯಸ್ಸು ನೋಡಿದರು. "ಎಲ್ಲರಿಗಿಂತ ಚಿಕ್ಕವಳಾಗ್ತಾಳೆ ಸರ್. ಬೇಕಂದ್ರೆ ತಗೋತೀವಿ... ಆದ್ರೆ ಒಂದು ವರ್ಷ ಬಿಟ್ಟು ಬಂದ್ರೆ ಅವಳಿಗೇ ಒಳ್ಳೇದು. ಸೋಮವಾರ ಹೇಳಿ."

ಮನೆಗೆ ಬರುವಷ್ಟರಲ್ಲಿ ನನ್ನ ತಲೆ ಬಿಸಿಯಾಗಿತ್ತು.

"ಮೇಡಂ ಹೇಳಿದ್ದು ಸರಿ ಕಣ್ರೀ. ಇವಳಿಗಿನ್ನೂ ಚಡ್ಡಿ ಹಾಕ್ಕೊಳೋಕೂ ಬರಲ್ಲ" ಎಂದಳು ಹೆಂಡತಿ ವಸಂತ.

"ಎದುರು ಮನೆ ಹುಡುಗಿ ಟೈ ಕಟ್ಕೊಂಡು ವ್ಯಾನ್ ಹತ್ತುತ್ತೆ. ನಮ್ದು ಇಲ್ಲಿ ಮಣ್ಣಾಡ್ಕಂಡು ಕೂತಿರ್ಬೇಕಾ? ಒಂದು ವರ್ಷ ದಂಡ!" ಎಂದು ಕೂಗಾಡಿದೆ.

"ನಮ್ಮ ಕಾಲ್ದಲ್ಲಿ ಸರ್ಟಿಫಿಕೇಟ್ ಯಾರು ನೋಡ್ತಿದ್ರು? ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿದ್ರೆ ಮೇಷ್ಟ್ರು ಸೇರಿಸ್ಕಳೋರು. ಬಾ ಸಿಂಚು, ಮುಟ್ಟು!" ಎಂದು ಮಗಳನ್ನು ಕರೆದೆ.

ಮಗು ನಗುತ್ತಾ ಕೈ ಎತ್ತಿತು. ಬೆರಳು ಕಿವಿಗಿಂತ ತುಂಬಾ ಮೇಲೆಯೇ ನಿಂತುಬಿಟ್ಟಿತು...

ನಾನು ಮಣಿಕಟ್ಟು ಹಿಡಿದು ಎಳೆದೆ. "ತಲೆ ವಾಲ್ಸು... ಇನ್ನೂ ವಸಿ..."

"ಅಪ್ಪಾ... ನೋಯ್ತದೆ..."

ಜಗಲಿಯಲ್ಲಿ ರಾಗಿ ಕೇರುತ್ತಿದ್ದ ನಮ್ಮವ್ವ ಮೊರ ಬಿಟ್ಟು ಎದ್ದು ಬಂದಳು.

"ಬುಡ್ಲಾ ಕೈಯ! ಕೂಸಿನ ಕೈ ಏನು ನಿನ್ ಮಿಲ್ಲಿನ ಬೆಲ್ಟಾ, ಎಳ್ಯಕೆ?"

"ನೀನು ಸುಮ್ಕಿರವ್ವ. ನಾನು ಹಿಂಗೇ ಕಿವಿ ಮುಟ್ಟಿ ತಾನೆ ಸೇರಿದ್ದು?"

ಅವ್ವ ಮಗುವನ್ನು ಮಡಿಲಿಗೆ ಹಾಕಿಕೊಂಡು, ಕೆಂಪಾಗಿದ್ದ ಮಣಿಕಟ್ಟನ್ನು ನೀವುತ್ತಾ ಕುಳಿತಳು. ಆಮೇಲೆ ಸಣ್ಣ ದನಿಯಲ್ಲಿ...

"ನಿಂಗೂ ಮುಟ್ಟಿರ್ನಿಲ್ಲ ಕನ್ಲಾ... ಎಳ್ದಿದ್ದು ನಾನೇಯ."

ನನಗೆ ಅರ್ಥವಾಗಲಿಲ್ಲ.

"ನಿಮ್ಮಪ್ಪ ಹೋಗಿ ಆರು ತಿಂಗ್ಳಾಗಿತ್ತು. ನಾನು ನಾಟಿ ಕೆಲ್ಸಕ್ಕೆ ಹೋಗ್ಬೇಕು... ಗದ್ದೆ ಬದೀಲಿ ನಿನ್ನ ಕೂರ್ಸುದ್ರೆ ಕಾಲ್ವೆ ಭಯ. ಇಸ್ಕೂಲ್ಗೆ ಸೇರ್ಸುದ್ರೆ ಸಂಜೆಗಂಟ ನೆಳ್ಳಲ್ಲಿರ್ತೀಯ ಅಂದ್ಕಂಡೆ. ಹದಿನೈದು ದಿನ ತಲೆ ವಾಲ್ಸೋದ ಹೇಳ್ಕೊಟ್ಟೆ. ಮೇಷ್ಟ್ರು ಅತ್ಲಾಗೆ ತಿರುಗ್ದಾಗ ಹಿಂದಿಂದ ನಿನ್ನ ಮೊಣಕೈ ತಳ್ಬುಟ್ಟೆ..."

ಒಂದೊಂದೇ ನೆನಪಾಗತೊಡಗಿತು.

ಒಂದನೇ ಕ್ಲಾಸಿನಲ್ಲಿ ಚಡ್ಡಿ ಒದ್ದೆ ಮಾಡಿಕೊಂಡು ಅತ್ತಿದ್ದು... ಎಲ್ಲರೂ ಮಗ್ಗಿ ಹೇಳುವಾಗ ತೂಕಡಿಸಿದ್ದು... ನಾಲ್ಕರಲ್ಲಿ ಎರಡು ಸಲ ಫೇಲಾಗಿದ್ದು... "ದಡ್ಡ" ಅಂದವರ ಮೇಲೆಲ್ಲಾ ಕೈ ಮಾಡಿದ್ದು.

ಆ ಕೋಪ ಇವತ್ತಿಗೂ ಹೋಗಿಲ್ಲ. ನನ್ನ ತಲೆಗೆ ವಿದ್ಯೆ ಹತ್ತುವುದಿಲ್ಲ ಎಂದು ಒಳಗೊಳಗೆ ನಾನೂ ಒಪ್ಪಿಕೊಂಡಿದ್ದೆ. ಮಗಳಾದರೂ ಎಲ್ಲರಿಗಿಂತ ಮುಂದಿರಲಿ ಎಂಬ ಹಟ ಹುಟ್ಟಿದ್ದೂ ಅಲ್ಲಿಂದಲೇ.

ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ನೀನು ದಡ್ಡ ಅಲ್ಲ ಕನ್ ಮಗಾ... ಚಿಕ್ಕೋನಾಗಿದ್ದೆ, ಅಷ್ಟೇಯ. ನಲವತ್ತು ವರ್ಸದಿಂದ ಹೇಳ್ಬೇಕು ಅಂದ್ಕತೀನಿ... ಬಾಯೇ ಬರ್ನಿಲ್ಲ."

ಅವ್ವನ ಮೇಲೆ ಕೋಪ ಬರಲಿಲ್ಲ. ಅವಳಿಗೆ ಬೇರೆ ದಾರಿ ಇರಲಿಲ್ಲ. ನನಗೇನಾಗಿತ್ತು? ಎದುರು ಮನೆ ಮಗುವಿನ ಟೈ ನೋಡಿ ಹೊಟ್ಟೆಕಿಚ್ಚು...

ಅವ್ವನ ಕಾಲ ಬಳಿ ಕುಳಿತು ಅತ್ತುಬಿಟ್ಟೆ. ಸಿಂಚು ಬಂದು ನನ್ನ ಕೆನ್ನೆ ಒರೆಸಿದಳು.

"ಅಪ್ಪಂಗೂ ಕೈ ನೋಯ್ತಾ?"

ಸೋಮವಾರ ಮೇಡಂಗೆ ಹೇಳಿದೆ... "ಮುಂದಿನ ವರ್ಷ ಬರ್ತೀವಿ."

ಆ ಒಂದು ವರ್ಷ ಅವಳು ಅಜ್ಜಿಯ ಜೊತೆ ರಾಗಿ ಕೇರಿದಳು. ಮಿಲ್ಲಿನಲ್ಲಿ ಮೈಯೆಲ್ಲಾ ಹಿಟ್ಟು ಮಾಡಿಕೊಂಡು ಕುಣಿದಳು. ಚಡ್ಡಿ ಹಾಕಿಕೊಳ್ಳುವುದನ್ನೂ ಕಲಿತಳು.

ಈ ಜೂನ್‌ನಲ್ಲಿ ವ್ಯಾನ್ ಬಂತು. ಅವಳು ಬ್ಯಾಗ್ ಕೆಳಗಿಟ್ಟು, ತಲೆ ನೆಟ್ಟಗಿಟ್ಟುಕೊಂಡು, ತಾನೇ ಕೈ ಎತ್ತಿದಳು.

"ಅಜ್ಜೀ... ಇನ್ನೂ ಒಂದು ಬೆರಳು ಬಾಕಿ ಐತೆ!"

"ಇರ್ಲಿ ಬುಡು ನನ್ ಕಂದ... ಒಂದನೇ ಕ್ಲಾಸ್ ಹೊತ್ಗೆ ತಾನಾಗೇ ಮುಟ್ತದೆ."

ಅವಳು ನಗುತ್ತಾ ವ್ಯಾನ್ ಹತ್ತಿದಳು. ತಿರುಗಿ ನೋಡಲೂ ಇಲ್ಲ...

ಈ ಸಲ ಯಾರೂ ಕೈ ಎಳೆಯಲಿಲ್ಲ.

*ತಡವಾಗಿ ಸೇರಿದ ಮಗುವಿಗೆ ಹೋಗುವುದು ಒಂದು ವರ್ಷ... ಬೇಗ ತಳ್ಳಿದ ಮಗುವಿಗೆ ಹೋಗುವುದು ತನ್ನ ಮೇಲಿನ ನಂಬಿಕೆ.*

ನಿಮ್ಮ ಮಗುವಿನ ಕೈಯನ್ನು ನೀವು ಹಿಡಿದುಕೊಂಡಿದ್ದೀರಾ... ಇಲ್ಲ ಎಳೆಯುತ್ತಿದ್ದೀರಾ?