ಕರಾಸುವಿನಲ್ಲಿ ನಿಂತ ಗೆರೆ

"ಈ ಗೆರೆ ಏನು?" ಕುನ್ಸುಲು ಮೂರನೇ ಸಲ ಕೇಳಿದಳು.

ಮುದುಕ ಎಸೆನ್ ಬಟ್ಟಲಿನ ಚಹಾ ಊದಿಕೊಂಡು ಕುಡಿದ.

ಗಡಿಠಾಣೆಯ ಮೇಜಿನ ಮೇಲೆ ರಸ್ತೆ ನಕ್ಷೆ ಹರಡಿತ್ತು. ಇಡೀ ಕಜಕಸ್ತಾನ, ಸುತ್ತಲಿನ ದೇಶಗಳ ಸಮೇತ. ಕುರಿ ನಡೆಯುವ ಮಣ್ಣುದಾರಿಯನ್ನೂ ಬಿಟ್ಟಿರಲಿಲ್ಲ. ಅದರ ಮೇಲೊಂದು ಕೆಂಪು ಪೆನ್ಸಿಲಿನ ಗೆರೆ. ಚೀನಾ ಕಡೆಯಿಂದ ಹೊರಟು, ಕಿರ್ಗಿಸ್ತಾನ, ಉಜ್ಬೆಕಿಸ್ತಾನ ಸುತ್ತಿ, ರಷ್ಯಾಕ್ಕೂ ಹೋಗಿ, ಮರಳಿ ಬಂದು ಕರಾಸು ಎಂಬ ಹಳ್ಳಿಯಲ್ಲಿ ನಿಂತಿತ್ತು. ಅದೂ ಅವಳು ಸೊಸೆಯಾಗಿ ಹೋಗಲಿರುವ ಹಳ್ಳಿ! ಕಳ್ಳಮಾಲಿನ ದಾರಿಯಲ್ಲದೆ ಇದು ಇನ್ನೇನು? ಮುದುಕನ ಜೀಪಿನಲ್ಲಿ ಸಿಕ್ಕಿದ್ದು ಒಂದು ಕಂಬಳಿ, ಎರಡು ಕರ್ಬೂಜ ಅಷ್ಟೆ. ಇರಲಿ, ಇಂಥವರು ಮಾಲನ್ನು ಮಡಿಲಲ್ಲಿಟ್ಟುಕೊಂಡು ತಿರುಗುತ್ತಾರೆಯೇ?

ಸುಂಕದ ಅಧಿಕಾರಿಯಾಗಿ ಇಲ್ಲಿಯ ಧೂಳು ತಿನ್ನುತ್ತ ಅವಳಿಗೆ ಮೂರು ವರ್ಷ. ಒಂದು ದೊಡ್ಡ ಪ್ರಕರಣ ಹಿಡಿದರೆ ಕರಾಸುವಿನ ಹತ್ತಿರಕ್ಕೆ ವರ್ಗ. ಹನ್ನೆರಡನೇ ತಾರೀಕು ಮದುವೆ. ಗಂಡ ಅಲ್ಲಿ, ಹೆಂಡತಿ ಇಲ್ಲಿ ಎಂದರೆ ಅದೆಂಥ ಸಂಸಾರ?

"ಜೊತೆಗೆ ಎಷ್ಟು ಜನ?"

"ಇನ್ನಿಬ್ರು. ಒಬ್ಬ ಹೋದ ತಿಂಗಳು ಸಿಕ್ಕಿದ. ಮನೆ ನೋಡ್ಕೊಂಡು ಬಂದಿದೀನಿ, ಮಾತಾಡ್ಸಿಲ್ಲ. ಇನ್ನೊಬ್ಬನೂ ಸಿಗ್ಲಿ, ಒಟ್ಟಿಗೇ ಬಾಗ್ಲು ತಟ್ಟೋಣ ಅಂತ."

"ಅವರ ಹೆಸರು?"

"ಖಾಕಿ ಹಾಕಿದವರಿಗೆ ನಾನು ಹೆಸರು ಹೇಳಲ್ಲ ಮಗಳೇ. ಚಿಕ್ಕಂದಿನಲ್ಲೇ ಕಲಿತ ಬುದ್ಧಿ. ನೀನು ಯಾರ ಪೈಕಿ? ನಿನ್ನ ಏಳು ತಲೆಯ ಹಿರಿಯರ ಹೆಸರು ಹೇಳು ನೋಡೋಣ."

ಸಿಕ್ಕಿಬಿದ್ದ ಮುದುಕರೆಲ್ಲ ಹೂಡುವ ಆಟ ಇದು. ಎಲ್ಲಿಂದಾದರೂ ನೆಂಟಸ್ತಿಕೆ ಎಳೆದು ಪಾರಾಗುವ ಹುನ್ನಾರ. ಬಾಯಿ ಮುಚ್ಚಿಸೋಣವೆಂದು ಕುನ್ಸುಲು ಮಗ್ಗಿ ಒಪ್ಪಿಸುವಂತೆ ಶುರು ಮಾಡಿದಳು. "ಅಪ್ಪ ಸಪಾರ್. ಅವರಪ್ಪ ಸಾದಿರ್. ಅವರಪ್ಪ ಒರಾಜ್‌ಬಾಯ್..." ಅಜ್ಜ ಸಾದಿರ್ ಚಿಕ್ಕ ಹುಡುಗನಾಗಿದ್ದಾಗ, ಬರಗಾಲದ ವರ್ಷ, ರಸ್ತೆಯಲ್ಲಿ ಒಂಟಿಯಾಗಿ ಸಿಕ್ಕಿದ್ದನಂತೆ. ಮೈಮೇಲೆ ಬಟ್ಟೆ ಇರಲಿಲ್ಲ, ಬಾಯಲ್ಲಿ ಏಳು ಹೆಸರು ಇತ್ತಂತೆ.

ಏಳನೆಯ ಹೆಸರಿಗೆ ಬರುವಷ್ಟರಲ್ಲಿ ಚಹಾ ಮುದುಕನ ಮೊಣಕಾಲ ಮೇಲೆ ಚೆಲ್ಲಿತ್ತು. ಅವನು ಒರೆಸಿಕೊಳ್ಳಲಿಲ್ಲ.

"ಸಾದಿರ್ ಇದಾನಾ?"

"ಹೋಗಿ ಐದು ವರ್ಷ ಆಯ್ತು. ಯಾಕೆ?"

"ಸುಮ್ನೆ ಕೇಳ್ದೆ." ಮುದುಕನ ಕಣ್ಣು ತುಂಬಿತ್ತು, ಮುಖದಲ್ಲಿ ನಗುವೂ ಇತ್ತು. ಏನೋ ಹೇಳಲು ಬಾಯಿ ತೆರೆದವನಿಗೆ ಮೇಜಿನ ಮೂಲೆಯ ಲಗ್ನಪತ್ರಿಕೆಗಳು ಕಂಡವು. "ಮದುವೆಯಾ? ಯಾರ ಮನೆ ಹುಡುಗ?"

"ಕರಾಸುವಿನ ತೊಕ್ತಾರ್ ಅಜ್ಜನ ಮೊಮ್ಮಗ, ದಾರ್ಖಾನ್."

ನಗು ಆರಿತು. "ಅವರ ಏಳು ತಲೆ ಕೇಳಿದ್ರಾ?"

"ಇಬ್ಬರ ಏಳರೊಳಗೆ ಒಂದು ಹೆಸರು ಒಂದೇ ಆದ್ರೂ ಅಣ್ಣ ತಂಗಿ, ಮದುವೆ ಕೂಡದು. ಗೊತ್ತು ಬಿಡಿ ಅಜ್ಜಾ. ಆ ತೊಕ್ತಾರ್ ಅಜ್ಜ ಅನಾಥಾಲಯದಲ್ಲಿ ಬೆಳೆದವರು, ಅಪ್ಪನ ಹೆಸರೇ ಗೊತ್ತಿಲ್ಲ. ಇಲ್ಲದ ತಲೆ ಎಣಿಸೋದು ಹೇಗೆ ಅಂತ ನಮ್ಮನೆಯವರು ಸುಮ್ನಾದ್ರು."

"ಹುಡುಗ ಇಷ್ಟಾನಾ ನಿಂಗೆ?"

"ಇಷ್ಟ ಇಲ್ದೆ ಮೂರು ವರ್ಷ ಕಾದಿದೀನಾ? ಇವನಲ್ಲದಿದ್ರೆ ಮದುವೆನೇ ಬೇಡ ಅಂದಿದೀನಿ."

ಮುದುಕ ಬಟ್ಟಲನ್ನು ಮೇಜಿನ ಮೇಲಿಟ್ಟ.

"ಬರ್ಕೋ ಮಗಳೇ. ನಾನು ಕಳ್ಳಸಾಗಣೆಯವನು. ಯಾವ ಮಾಲು ಅಂತ ನಿಂಗೆ ತೋಚಿದ್ದು ಬರ್ಕೋ, ಸಹಿ ಹಾಕ್ತೀನಿ. ಆ ನಕ್ಷೆ ಮಾತ್ರ ಸುಟ್ಟುಬಿಡು."

"ಸಾಕ್ಷಿ ಸುಡೋಕಾಗುತ್ತಾ? ಚೆನ್ನಾಗಿದೆ!"

ಎಸೆನ್ ಸಹಿ ಹಾಕಿದ. ಹೋಗುವಾಗ ಅವಳ ತಲೆ ಮುಟ್ಟಿ ಹರಸಿದ. ನಾಟಕ ನೋಡು ಮುದುಕನದು, ಎಂದುಕೊಂಡಳು ಕುನ್ಸುಲು. ಪೊಲೀಸರ ಗಾಡಿ ಅವನನ್ನು ಕೂರಿಸಿಕೊಂಡು ಹೊರಟಿತು. ಅವಳು ಹಿಗ್ಗಿನಿಂದ ಕಡತ ಕಟ್ಟಿದಳು. ಕೊನೆಗೆ ಮೊಹರು ಒತ್ತಲು ನಕ್ಷೆಯ ಬೆನ್ನು ತಿರುಗಿಸಿದರೆ, ಅಲ್ಲಿ ಅದೇ ಕೆಂಪು ಪೆನ್ಸಿಲಿನ ಬರಹ:

"ಒರಾಜ್‌ಬಾಯ್ ಮಕ್ಕಳು. ಸಾದಿರ್: ಸಿಗಬೇಕು. ಎಸೆನ್: ನಾನು. ತೊಕ್ತಾರ್: ಸಿಕ್ಕಿದ, ಕರಾಸು."